ಕ್ರಾಲಿನ ಮುಂದೆ ನಿಂತ ಅಪರಾಧಶಾಸ್ತ್ರ

ಕುಶಾಲನಗರದಿಂದ ನಂಜರಾಯಪಟ್ಟಣದ ಹಾದಿ ಹಿಡಿದು ಕೊಡಗಿನ ದುಬಾರೆ ಆನೆ ಶಿಬಿರಕ್ಕೆ ಬರುವವರಲ್ಲಿ ಹೆಚ್ಚಿನವರು ಕಾವೇರಿ ದಾಟಿ, ಆನೆಗಳ ಸ್ನಾನ ನೋಡಿ, ಫೋಟೊ ತೆಗೆಸಿಕೊಂಡು ಮರಳುತ್ತಾರೆ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಕ್ರಾಲ್. ನೀಲಗಿರಿ ಮರದ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಕಟ್ಟಿದ, ಒಂದೇ ಆನೆ ನಿಲ್ಲುವಷ್ಟು ಜಾಗದ ದೊಡ್ಡಿ ಅದು. ಕಾಫಿ ತೋಟದಲ್ಲಿ ಮನುಷ್ಯರನ್ನು ಕೊಂದ ಸಲಗವನ್ನು ಅರಿವಳಿಕೆ ಚುಚ್ಚುಮದ್ದು ಹೊಡೆದು, ಸಾಕಾನೆಗಳ ಕಾವಲಿನಲ್ಲಿ ಎಳೆದು ತಂದು ಇದರೊಳಗೆ ಕೂಡುತ್ತಾರೆ. ಅಪರಾಧಶಾಸ್ತ್ರವನ್ನು ಸ್ನಾತಕೋತ್ತರ ಹಂತದಲ್ಲಿ ಓದುವವರು ಎರಡು ವರ್ಷ ಚರ್ಚಿಸುವ ಪ್ರಶ್ನೆಗಳೆಲ್ಲ ಈ ದಿಮ್ಮಿಗಳ ಮುಂದೆ ಒಟ್ಟಿಗೇ ಎದುರಾಗುತ್ತವೆ. ತಪ್ಪು ಯಾರದು? ಶಿಕ್ಷೆ ಯಾತಕ್ಕೆ? ತಿದ್ದಿದ ಮೇಲೆ ಬಿಡಬೇಕೇ, ಬೇಡವೇ?

ಆನೆಗೆ ಅಪರಾಧವೇ ಎಂದು ಓದುಗರು ಕೇಳಬಹುದು. ಹಾಗೆ ನಂಬಿದ್ದ ಕಾಲವೂ ಇತ್ತು. 1386ರಲ್ಲಿ ಫ್ರಾನ್ಸಿನ ಫಲೇಸ್ ಪಟ್ಟಣದಲ್ಲಿ ಮಗುವನ್ನು ಕೊಂದ ಹಂದಿಯನ್ನು ವಿಚಾರಣೆ ನಡೆಸಿ ಗಲ್ಲಿಗೇರಿಸಿದರು. 1916ರಲ್ಲಿ ಅಮೆರಿಕದ ಟೆನೆಸಿಯಲ್ಲಿ, ತನ್ನನ್ನು ನಡೆಸುತ್ತಿದ್ದವನನ್ನು ಕೊಂದ ಮೇರಿ ಎಂಬ ಸರ್ಕಸ್ ಆನೆಯನ್ನು ರೈಲ್ವೆ ಕ್ರೇನಿಗೆ ನೇತುಹಾಕಿದರು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕಿಂತ ಬಹಳ ಮುಂದೆ ಬಂದಿದೆ. ಆನೆಯಿಂದ ಮನುಷ್ಯರ ಜೀವಕ್ಕೆ ಅಪಾಯವಿದೆ ಎಂದು ಮನವರಿಕೆಯಾಗಿ, ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣವನ್ನು ಬರೆದು ಸಹಿ ಮಾಡಿದ ಮೇಲೆಯೇ ಸೆರೆ. ಕಾಯ್ದೆಯ 11ನೇ ಕಲಂ ಇನ್ನೂ ಒಂದು ಮಾತು ಸೇರಿಸುತ್ತದೆ: ಮತ್ತೆ ಕಾಡಿನಲ್ಲಿ ನೆಲೆಗೊಳಿಸಲು ಆಗುವುದೇ ಇಲ್ಲ ಎಂದು ಖಚಿತವಾಗದ ಹೊರತು ಸೆರೆ ಹಿಡಿದ ಪ್ರಾಣಿಯನ್ನು ಬಂಧನದಲ್ಲಿ ಇಡುವಂತಿಲ್ಲ, ಆ ಕಾರಣವೂ ಬರವಣಿಗೆಯಲ್ಲಿರಬೇಕು. ಮನುಷ್ಯನ ಜಾಮೀನಿನ ವಿಚಾರದಲ್ಲೂ ನ್ಯಾಯಾಲಯಗಳು ಇದೇ ತತ್ವವನ್ನು ಹೇಳುತ್ತ ಬಂದಿವೆ. ಸೆರೆಯೇ ನಿಯಮವಾಗಬಾರದು, ಅದು ಅಪವಾದವಾಗಿರಬೇಕು.

ಕ್ರಾಲಿನ ದಿನಚರಿ ನಿಧಾನದ್ದು. ಮೊದಲ ದಿನಗಳಲ್ಲಿ ಆನೆ ದಿಮ್ಮಿಗಳಿಗೆ ತಲೆ ಚಚ್ಚುತ್ತದೆ, ಮೈ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಅದಕ್ಕೆಂದು ಗೊತ್ತು ಮಾಡಿದ ಮಾವುತ ಮತ್ತು ಅವನ ಸಹಾಯಕ ಕಾವಾಡಿ ಪಕ್ಕದಲ್ಲೇ ಇರುತ್ತಾರೆ. ಇಲ್ಲಿ ಆನೆ ನೋಡಿಕೊಳ್ಳುವವರಲ್ಲಿ ಜೇನುಕುರುಬರೇ ಹೆಚ್ಚು. ಸೊಪ್ಪು, ಕಬ್ಬು, ಬೆಲ್ಲ, ಹುಲ್ಲಿನಲ್ಲಿ ಭತ್ತ ಸುತ್ತಿದ ಕುಸುರೆ ಕೈಯಿಂದಲೇ ಹೋಗಬೇಕು. ದಿನವಿಡೀ ಮಾತನಾಡಿಸುತ್ತಿರಬೇಕು, ಹಾಡಬೇಕು, ಗಾಯಕ್ಕೆ ಮದ್ದು ಹಚ್ಚಬೇಕು. ದನಿ ಗುರುತಾಗಿ ಸೊಂಡಿಲು ತಾನಾಗಿ ಮುಂದೆ ಬರುವ ತನಕ ಆತುರ ಪಡುವಂತಿಲ್ಲ. ತಿಂಗಳುಗಳು ಹಿಡಿಯುತ್ತವೆ. ಹಸಿವು, ಇಕ್ಕಟ್ಟು, ಕೋಲಿನ ಭಯ ಇದರಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಇವೆ, ಮತ್ತು ನೋಡುವುದು ಕಷ್ಟ. ಆದರೆ ಸೆರೆಯಾದ ಜೀವದ ಪಕ್ಕದಲ್ಲಿ ಹಗಲಿರುಳು ಒಬ್ಬನೇ ಮನುಷ್ಯ ಕೂತು ಮಾತನಾಡುವ ವ್ಯವಸ್ಥೆ ನಮ್ಮ ಯಾವ ಜೈಲಿನಲ್ಲಿದೆ?

ಪಳಗಿ ಹೊರಬಂದ ಆನೆ ರಾತ್ರಿ ಕಾಲಿನ ಸರಪಳಿ ಎಳೆದುಕೊಂಡು ಕಾಡಿಗೆ ಮೇಯಲು ಹೋಗುತ್ತದೆ. ಬೆಳಿಗ್ಗೆ ಕಾವಾಡಿ ಜಾಡು ಹಿಡಿದು ಕರೆತರುತ್ತಾನೆ. ಬಿಟ್ಟರೂ ಓಡಿಹೋಗದು ಎಂಬ ನಂಬಿಕೆ ಇದು; ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಕೈದಿಗಳಿಗಾಗಿ ಇರುವ ಬಯಲು ಬಂದೀಖಾನೆಯ ಹಿಂದಿರುವುದೂ ಇದೇ. ದುಬಾರೆಯಿಂದ ಮೈಸೂರು ದಸರೆಗೆ ಹೋಗುವ ಧನಂಜಯ 2013ರಲ್ಲಿ ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಸೆರೆ ಸಿಕ್ಕ ಸಲಗ. ಮುಂದೆ ಬೇರೆ ಪುಂಡಾನೆಗಳ ಸೆರೆಗೂ ಅದೇ ಹೊರಟಿತು.

ನನಗೆ ಮರೆಯಲಾಗದ ಪ್ರಕರಣ ಕುಶನದು. 2016ರಲ್ಲಿ ಚೆಟ್ಟಳ್ಳಿ ಕಡೆ ಸೆರೆ ಸಿಕ್ಕು ದುಬಾರೆಯಲ್ಲಿ ಪಳಗಿದ ಗಂಡಾನೆ ಅದು. ಮದ ಬಂದ ಹೊತ್ತಿನಲ್ಲಿ ಮೇಯಲು ಹೋದದ್ದು ಮರಳಲಿಲ್ಲ, ಕಾಡಿನ ಹೆಣ್ಣಾನೆಗಳ ಹಿಂಡು ಸೇರಿಕೊಂಡಿತು. ವರ್ಷ ಮೀರಿ ಅಲೆದ ಮೇಲೆ 2021ರ ಮಾರ್ಚಿನಲ್ಲಿ ಹಿಡಿದು ತಂದು ಮತ್ತೆ ಬಂಧಿಸಿದರು. ಆಗ ಪ್ರಾಣಿಪರ ಹೋರಾಟಗಾರ್ತಿ ಮೇನಕಾ ಗಾಂಧಿ ಅದರ ಬಿಡುಗಡೆ ಕೋರಿ ಪತ್ರ ಬರೆದರು. ಅರಣ್ಯ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಬಿಡುಗಡೆಗೆ ಸೂಚಿಸಿದರು. ಜೂನ್ ತಿಂಗಳಲ್ಲಿ ರೇಡಿಯೊ ಕಾಲರ್ ತೊಡಿಸಿ ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಟ್ಟರು. ತಪ್ಪಿಸಿಕೊಂಡದ್ದು, ಮರುಬಂಧನ, ಮೇಲ್ಮನವಿ, ನಿಗಾದೊಡನೆ ಬಿಡುಗಡೆ: ಪೆರೋಲಿನ ಪಾಠ ಮಾಡುವ ಯಾವ ಅಧ್ಯಾಪಕರೂ ಇದಕ್ಕಿಂತ ಪೂರ್ಣವಾದ ಉದಾಹರಣೆ ತರಲಾರರು. ಮಗನಂತೆ ಸಾಕಿದ ಆನೆಯನ್ನು ಬೇರೆ ಕಾಡಿಗೆ ಕಳಿಸಿಕೊಟ್ಟ ಮಾವುತನ ಕಡೆಯೂ ಆ ಪಾಠದಲ್ಲಿ ಸೇರಬೇಕು.

ಅಪರಾಧಶಾಸ್ತ್ರದ ಇನ್ನೊಂದು ಮುಖ ಕ್ರಾಲಿನಿಂದಾಚೆ, ತೋಟಗಳಲ್ಲಿದೆ. 1979ರಲ್ಲಿ ಕೋಹೆನ್ ಮತ್ತು ಫೆಲ್ಸನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಒಂದು ವಾದ ಮಂಡಿಸಿದರು: ಅಪರಾಧ ನಡೆಯಬೇಕಾದರೆ ಎಸಗುವವ, ಈಡಾಗುವವ, ಕಾವಲಿಲ್ಲದ ಸ್ಥಳ ಈ ಮೂರೂ ಒಂದೇ ಗಳಿಗೆಯಲ್ಲಿ ಕೂಡಬೇಕು. ಕೊಡಗಿನಲ್ಲಿ ಆ ಗಳಿಗೆ ಬೆಳಗಿನ ಹೊತ್ತು. ಹಲಸು ತಿಂದು, ತೋಟದ ಕೆರೆಯಲ್ಲಿ ನೀರು ಕುಡಿದು ಅಲ್ಲೇ ನಿಂತ ಸಲಗಕ್ಕೆ, ಲೈನ್ ಮನೆಯಿಂದ ಕೆಲಸಕ್ಕೆ ಹೊರಟ ಕೂಲಿಯವರು ಎದುರಾಗುತ್ತಾರೆ. ಹಲಸನ್ನು ಮೊದಲೇ ಇಳಿಸುವುದು, ಆನೆ ಇರುವ ಕಡೆಯ ಸಂದೇಶವನ್ನು ಮೊಬೈಲಿಗೆ ಕಳಿಸುವುದು, ಕೆಲಸಗಾರರನ್ನು ವಾಹನದಲ್ಲಿ ಒಯ್ಯುವುದು ಎಲ್ಲವೂ ಆ ಮೂರರಲ್ಲಿ ಒಂದನ್ನು ತಪ್ಪಿಸುವ ದಾರಿಗಳೇ. ಪ್ರಾಣ ಹೋದರೆ ಕೊಡುವ ಪರಿಹಾರವನ್ನು 2022ರಲ್ಲಿ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿದರು. ಆದರೆ ಸತ್ತ ಕೂಲಿಯ ಮನೆಯವರು ಮುಂದೆ ಆ ಲೈನ್ ಮನೆಯಲ್ಲೇ ಉಳಿಯುತ್ತಾರೋ, ಮಕ್ಕಳ ಶಾಲೆ ಏನಾಗುತ್ತದೋ, ಅದನ್ನು ವಿಚಾರಿಸುವುದು ಸಂತ್ರಸ್ತರ ಅಧ್ಯಯನ ಎಂಬ ಪಠ್ಯವಿಷಯದ ಕೆಲಸ. ಆನೆ ಪಳಗಿಸುವ ಜೇನುಕುರುಬರ ಹಿರಿಯರಿಗೆ ಕಾಡಿನ ಜೇನು, ಸೌದೆ ತರುವುದೇ ಅರಣ್ಯ ಅಪರಾಧವಾಗಿ ಹೋದದ್ದೂ ಅದೇ ಪಠ್ಯಕ್ಕೆ ಸೇರಬೇಕು.

ಇನ್ನು ಈ ಓದು ಎಲ್ಲಿ ಸಿಗುತ್ತದೆ ಎಂಬುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ನ್ಯಾಯವಿಧಿವಿಜ್ಞಾನ ವಿಭಾಗವಿದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ಅಪರಾಧಿಕ ನ್ಯಾಯದ ಎಂ.ಎ., ಮಂಗಳೂರಿನ ರೋಶನಿ ನಿಲಯ ಕಾಲೇಜಿನಲ್ಲಿ ಎಂ.ಎಸ್‌ಸಿ. ಇದೆ. ಸಿದ್ಧಾಂತ, ದಂಡಶಾಸ್ತ್ರ, ಬಾಲನ್ಯಾಯ, ಪೊಲೀಸ್ ಆಡಳಿತದ ಜೊತೆಗೆ ಜೈಲು, ವೀಕ್ಷಣಾಲಯಗಳ ಭೇಟಿ ಮತ್ತು ಪ್ರಬಂಧ ಇಂಥ ಓದಿನ ಭಾಗ. ಪರಿಸರಕ್ಕೂ ವನ್ಯಜೀವಿಗೂ ಆಗುವ ಕೇಡನ್ನು ಅಪರಾಧಶಾಸ್ತ್ರದ ಕಣ್ಣಿನಿಂದ ನೋಡುವ ಹಸಿರು ಅಪರಾಧಶಾಸ್ತ್ರಕ್ಕೆ 1990ರಲ್ಲಿ ಹೆಸರು ಕೊಟ್ಟವರು ಮೈಕೆಲ್ ಲಿಂಚ್. ಆ ಶಾಖೆಗೆ ಕೊಡಗಿನಷ್ಟು ಒಳ್ಳೆಯ ಕ್ಷೇತ್ರ ನಮ್ಮ ರಾಜ್ಯದಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು; ಕೊಡಗಿನಲ್ಲಿ ಅವುಗಳಲ್ಲಿ ಕೆಲವು ಹುಟ್ಟಿ ಬೆಳೆದದ್ದೇ ತೋಟಗಳಲ್ಲಿ. ಅಂಥ ಆನೆಯನ್ನು ಯಾವ ಕಾಡಿಗೆ ಮರಳಿಸುವುದು ಎಂಬ ಪ್ರಶ್ನೆಗೆ 11ನೇ ಕಲಮಿನಲ್ಲಿ ಉತ್ತರವಿಲ್ಲ.

ಕುಶಾಲನಗರಕ್ಕೆ ಹತ್ತಿರದ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದಾಗ, ದುಬಾರೆಗೆ ಇಷ್ಟು ಹತ್ತಿರ ಇಂಥದೊಂದು ವಿಭಾಗ ಬಂದೀತೆಂದು ಆಸೆಪಟ್ಟವರಲ್ಲಿ ನಾನೂ ಒಬ್ಬ. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಮಾವುತರ ಹಾಡಿಯಿಂದ ಪದವಿ ಮುಗಿಸಿ ಬರುವ ಹುಡುಗಿಯೊಬ್ಬಳು, ತನ್ನ ತಂದೆ ಕ್ರಾಲಿನ ಪಕ್ಕ ಕೂತು ಕಲಿತದ್ದನ್ನೇ ಪ್ರಬಂಧವಾಗಿ ಬರೆಯಬೇಕೆಂದರೆ, ಸದ್ಯಕ್ಕೆ ಹೊರಜಿಲ್ಲೆಯ ಬಸ್ಸು ಹಿಡಿಯಬೇಕು.