ಫೈಬರ್ ಹರಗೋಲು: ಬರುವ ನೀರಿಗೆ ತಕ್ಕ ಹಗ್ಗ

ಮಳೆ ನಂಬಿದ ರೈತನಿಗೂ ದೋಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮೂರು ಗಂಗಾವತಿ ತಾಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಗೆ ಇದೆ. ಕಾಲುವೆ ನೀರು ಹರಿಯುವ ಕಡೆ ಭತ್ತ. ನನ್ನ ನಾಲ್ಕು ಎಕರೆ ಮಾತ್ರ ಕಾಲುವೆಗಿಂತ ಎತ್ತರಕ್ಕೆ, ಕಲ್ಲುಗುಡ್ಡದ ಮಗ್ಗುಲಿಗೆ. ಅಲ್ಲಿ ಸಜ್ಜೆ, ತೊಗರಿ, ಹುರಳಿ ಬಿಟ್ಟರೆ ಬೇರೆ ಬೆಳೆಯಿಲ್ಲ. ಮಳೆ ಕೈಕೊಟ್ಟ ವರ್ಷ ಕಾಳೂ ಇಲ್ಲ, ಮೇವೂ ಇಲ್ಲ. ಆಗ ಎಮ್ಮೆಗಳಿಗೆ ಹುಲ್ಲು ಸಿಗುವುದು ಹೊಳೆಯ ನಡುಗಡ್ಡೆಯಲ್ಲಿ. ಅಲ್ಲಿಗೆ ಹೋಗಲು ಹರಗೋಲು ಬೇಕು.

ಹರಗೋಲು ನಮ್ಮ ಸೀಮೆಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರ ನೋಡಿಹೋದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿ ಹೊಳೆಯ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. 15-20 ಜನ ಕೂರುತ್ತಿದ್ದರಂತೆ. ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆ ಎಂದೂ ಹೇಳಿದ್ದಾನೆ. ಅದು ಈಗಲೂ ಹಂಗೇ! ನನ್ನ ಕಾಲಕ್ಕೆ ಚರ್ಮ ಹೋಗಿ, ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು. ಈಗ ಫೈಬರ್ ಗ್ಲಾಸಿನದು ಬಂದಿದೆ. ನಾನೂ ನಮ್ಮ ಭಾವನೂ ಕೂಡಿ 2017ರಲ್ಲಿ ಒಂದನ್ನು ಕೊಂಡೆವು. ಡಾಂಬರು ಬಳಿಯುವ ಕಾಟ ತಪ್ಪಿತು, ಇನ್ನು ಇದನ್ನು ನೋಡುವುದೇ ಬೇಡ ಅಂದುಕೊಂಡೆ. ಅದೇ ನನ್ನ ಮೊದಲ ತಪ್ಪು.

ಗಿಡ್ಡ ಹಗ್ಗ ಮಾಡಿದ ಹಾನಿ

2019ರ ಆಗಸ್ಟಿನಲ್ಲಿ ಆಣೆಕಟ್ಟಿನಿಂದ ಹೊಳೆಗೆ ಭಾರೀ ನೀರು ಬಿಟ್ಟರು. ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಲ್ಲಿ ತಂದದ್ದು ಅದೇ ಸಲ. ನಾನು ಹರಗೋಲು ತೇಲಿಹೋದೀತೆಂದು ಹೆದರಿ, ನೀರಿನಂಚಿನ ಜಾಲಿ ಬೊಡ್ಡೆಗೆ ಗಿಡ್ಡ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ ಮನೆಗೆ ಬಂದೆ. ರಾತ್ರಿ ನೀರು ಏರಿ ಬೊಡ್ಡೆ ಮುಳುಗಿತು. ಹರಗೋಲು ನೀರಿನ ಸಂಗಡ ಮೇಲೇಳಬೇಕು, ಹಗ್ಗ ಬಿಡಲಿಲ್ಲ. ಅಂಚು ಕೆಳಗೆ ಜಗ್ಗಿ, ನೀರು ತುಂಬಿ, ತಳ ಸೇರಿತು. ಹೊಳೆ ಇಳಿದ ಮೇಲೆ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ತಳದಲ್ಲಿ ಮೊಳದುದ್ದ ಬಿರುಕು. ಆ ವರ್ಷ ಹುಲ್ಲು ತರಲಾಗದೆ ಒಂದು ಎಮ್ಮೆ ಮಾರಿದೆ.

ಇದರಲ್ಲಿ ನಾಚಿಕೆಯ ಮಾತೂ ಇದೆ. 2002-03ರ ಬರದಲ್ಲಿ ಗುಳೆ ಹೋಗಿ ಮಲ್ಪೆ ಬಂದರಿನಲ್ಲಿ ದುಡಿದವನು ನಾನು. ಅಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಮ್ಮೆ ನಾನು ಹಗ್ಗ ಬಿಗಿದಾಗ ಒಬ್ಬ ಹಿರಿಯ ತಾಂಡೇಲರು, "ಬಿಗಿ ಕಟ್ಟಬೇಡ ಮಾರಾಯ, ನೀರು ಏರುವಾಗ ದೋಣಿಗೆ ಏಳಲು ಹಗ್ಗ ಬೇಕಲ್ಲ?" ಎಂದಿದ್ದರು. ನಮ್ಮ ಹೊಳೆಗೆ ಏರಿಳಿತ ಇಲ್ಲ ಎಂದು ಅದನ್ನು ಮರೆತಿದ್ದೆ. ನಮಗೆ ಆಣೆಕಟ್ಟಿನ ಬಾಗಿಲೇ ಏರಿಳಿತ. ವೇಳೆಯೊಂದು ಗೊತ್ತಿರುವುದಿಲ್ಲ, ಅಷ್ಟೇ.

ಈಗ ನಾನು ಕಟ್ಟುವ ರೀತಿ

ಹಳೆಯ ನೆರೆಯ ಗುರುತಿಗಿಂತ ಮೇಲಿರುವ ಬೇವಿನ ಮರಕ್ಕೆ ಹಗ್ಗ ಕಟ್ಟುತ್ತೇನೆ. ನೀರು ಏರಿದಷ್ಟೂ ಹರಗೋಲು ಮರದ ಕಡೆಗೇ ಬರುತ್ತದೆ, ಹಗ್ಗ ತಾನೇ ಸಡಿಲಾಗುತ್ತದೆ. ಸಡಿಲ ಹಗ್ಗದಲ್ಲಿ ಅದು ಅತ್ತಿತ್ತ ತಿರುಗಿ ಬಂಡೆಗೆ ಬಡಿಯಬಾರದಲ್ಲ, ಅದಕ್ಕೆ ಇನ್ನೊಂದು ಹಗ್ಗವನ್ನು ಬೇರೆ ದಿಕ್ಕಿನ ಎತ್ತರದ ಮರಕ್ಕೆ ಕಟ್ಟಿರುತ್ತೇನೆ. ಸೆಳವಿಗೆ ನೇರ ಇಡುವುದಿಲ್ಲ, ದೊಡ್ಡ ಬಂಡೆಯ ಮರೆಗೆ ಇಡುತ್ತೇನೆ. ಹಗ್ಗ ಕಲ್ಲಿಗೆ ತಿಕ್ಕುವ ಕಡೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದೇನೆ. ಅಂಚಿಗೆ ಸ್ಕೂಟರ್ ಟೈರು ತೂಗುಬಿಟ್ಟಿದ್ದೇನೆ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಕೈಯಿಂದ ತಿಕ್ಕಿದಾಗ ಎಳೆ ಉದುರಿದರೆ ಅದನ್ನು ದನ ಕಟ್ಟಲು ಬಳಸಿ, ಹರಗೋಲಿಗೆ ಬೇಡ.

ಇನ್ನೊಂದು ವಿಷಯ. ಬಿದಿರಿನ ಬುಟ್ಟಿ ನೀರು ತುಂಬಿದರೂ ತೇಲಲು ನೋಡುತ್ತದೆ. ಫೈಬರ್ ನೀರಿಗಿಂತ ಭಾರ. ತುಂಬಿದರೆ ಕಲ್ಲಿನಂತೆ ಮುಳುಗುತ್ತದೆ. ಒಂದೇ ರಾತ್ರಿಯ ಮಳೆ ತುಂಬಿದರೂ ಸಾಕು. ನಾನು ಬಿಗಿಯಾಗಿ ಮುಚ್ಚಳ ಹಾಕಿದ 20 ಲೀಟರಿನ ನಾಲ್ಕು ಖಾಲಿ ಕ್ಯಾನುಗಳನ್ನು ಒಳಗೆ ಸುತ್ತಲೂ ಕಟ್ಟಿದ್ದೇನೆ. ಕೆಲಸ ಇಲ್ಲದ ದಿನ ಹರಗೋಲನ್ನು ದಂಡೆಯ ಮೇಲಕ್ಕೆ ಹೊತ್ತು, ನೆರಳಲ್ಲಿ ಬೋರಲು ಹಾಕಿ, ಆಗಲೂ ಮರಕ್ಕೆ ಕಟ್ಟಿರುತ್ತೇನೆ. ಬಿಸಿಲಲ್ಲೇ ಬಿಟ್ಟರೆ ಮೇಲಿನ ಹೊಳಪು ಹೋಗಿ ಸುಣ್ಣದಂತೆ ಪುಡಿ ಏಳುತ್ತದೆ, ಆಮೇಲೆ ಒಳಗಿನ ನಾರು ಕಾಣುತ್ತದೆ. ಕಡಲ ದೋಣಿಗಳ ತಳಕ್ಕೆ ಚಿಪ್ಪು ಹತ್ತುತ್ತದೆ, ಅದಕ್ಕೆ ಅಲ್ಲಿಯವರು ಬೇರೆ ಬಣ್ಣ ಬಳಿಯುತ್ತಾರೆ. ನಮ್ಮ ಸಿಹಿನೀರಲ್ಲಿ ಪಾಚಿ ಮಾತ್ರ. ತೆಂಗಿನ ನಾರಿನಿಂದ ತಿಕ್ಕಿದರೆ ಹೋಗುತ್ತದೆ.

ಬಿರುಕಿಗೆ ತೇಪೆ

ಮೊದಲು ನಾನು ಹಳೆ ರೂಢಿಯಂತೆ ಬಿರುಕಿಗೆ ಡಾಂಬರು ಬಳಿದೆ. ಫೈಬರಿಗೆ ಅದು ನಿಲ್ಲಲಿಲ್ಲ. ಮೇಲಾಗಿ ಡಾಂಬರಿನ ಜಿಡ್ಡಿನ ಮೇಲೆ ರೆಸಿನ್ ಕೂಡ ಹತ್ತಲಿಲ್ಲ. ಮಲ್ಪೆಯ ಗೆಳೆಯನಿಗೆ ಫೋನ್ ಮಾಡಿ ಕೇಳಿ, ಎಲ್ಲಾ ಕೆರೆದು ಮತ್ತೆ ಮಾಡಿದೆ.

ಬಿರುಕಿನ ಸುತ್ತ ನಾಲ್ಕು ಬೆರಳಗಲ ಉಪ್ಪು ಕಾಗದದಿಂದ ಉಜ್ಜಿ, ಒರಟು ಮಾಡಿ. ಮೂರು-ನಾಲ್ಕು ದಿನ ಚೆನ್ನಾಗಿ ಒಣಗಿಸಿ. ಒಳಗೆ ತೇವ ಉಳಿದರೆ ತೇಪೆ ಬಿಡುತ್ತದೆ. ಗಾಜಿನ ನಾರಿನ ಚಾಪೆಯನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ತುಂಡು ಕತ್ತರಿಸಿಕೊಳ್ಳಿ. ಒಂದು ಕಿಲೋ ರೆಸಿನಿಗೆ 10ರಿಂದ 20 ಮಿ.ಲೀ. ಹಾರ್ಡನರ್ ಸಾಕು. ನಮ್ಮ ಬಿಸಿಲಿಗೆ 10ರ ಹತ್ತಿರವೇ ಇರಲಿ, ಇಲ್ಲವಾದರೆ ಬಳಿಯುವ ಮೊದಲೇ ಡಬ್ಬಿಯಲ್ಲಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ನೆರಳಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಒಂದೊಂದು ಪದರವನ್ನೂ ಬ್ರಷ್ಷಿನಿಂದ ಒತ್ತಿ ಗಾಳಿಗುಳ್ಳೆ ತೆಗೆಯಿರಿ. ಕೈಚೀಲ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಹಾರ್ಡನರ್ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿ.

ಎಚ್ಚರ: ಕೋಬಾಲ್ಟ್ ಎಂಬ ದ್ರಾವಣ ಬೇರೆ ಬಾಟಲಿಯಲ್ಲಿ ಕೊಟ್ಟರೆ ಅದನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನನ್ನೇ ಕೇಳಿ ತನ್ನಿ. ನನಗೆ ಸಾಮಾನಿಗೆ 900 ರೂಪಾಯಿ ಆಯಿತು. ತೇಪೆ ಇವತ್ತಿಗೂ ಗಟ್ಟಿ ಇದೆ.

ಹತ್ತೊಂಬತ್ತನೇ ಬಾಗಿಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಒತ್ತಡ ಇಳಿಸಲು ಬೇರೆ ಬಾಗಿಲುಗಳನ್ನೂ ತೆರೆದರು. ಹಿಂದಿನ ದಿನ ಹೊಳೆ ಇಳಿದಿತ್ತೆಂದು ನಾವು ಗಡ್ಡೆಗೆ ಹೋಗಿ, ಎರಡು ಆಡುಗಳನ್ನು ಅಲ್ಲೇ ಮೇಯಲು ಬಿಟ್ಟು ಬಂದಿದ್ದೆವು. ಬೆಳಗಾಗುವಷ್ಟರಲ್ಲಿ ಜಾಲಿ ಬೊಡ್ಡೆ ಕಾಣದಂತೆ ನೀರು. ಹರಗೋಲು ಮಾತ್ರ ಬೇವಿನ ಮರದ ಹತ್ತಿರ ಹಗುರಾಗಿ ತೇಲುತ್ತಿತ್ತು. ಒಳಗೆ ಒಂದು ಹನಿ ನೀರಿಲ್ಲ.

ಅದನ್ನು ನೋಡಿ ಮಗನಿಗೆ ಧೈರ್ಯ ಬಂತು. "ಅಪ್ಪಾ, ಹರಗೋಲು ಗಟ್ಟಿ ಐತಿ, ಆಡು ತರ್ತೀನಿ" ಎಂದು ಹುಟ್ಟು ಹಿಡಿದ. ಗಡ್ಡೆಯ ಕಡೆಯಿಂದ ಆಡಿನ ದನಿ ಕೇಳುತ್ತಿತ್ತು. ನನ್ನ ಹೊಟ್ಟೆಯೂ ಚುರ್ ಅಂದಿತು. ಆದರೆ ಆ ಸೆಳವಿನಲ್ಲಿ ದುಂಡು ದೋಣಿಗೆ ದಿಕ್ಕಿಲ್ಲ. "ಬ್ಯಾಡೋ ಯಪ್ಪಾ" ಎಂದು ಹುಟ್ಟು ಕಸಿದುಕೊಂಡೆ. ಇಬ್ಬರೂ ಕೂಡಿ ಹರಗೋಲನ್ನು ಮೇಲಕ್ಕೆ ಎಳೆದು ಬೋರಲು ಹಾಕಿದೆವು. ಹುಟ್ಟನ್ನು ಮನೆಯಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಅವನು ನನ್ನ ಸಂಗಡ ಮಾತಾಡಲಿಲ್ಲ.

ವಾರದೊಳಗೆ ಆ ಬಾಗಿಲಿಗೆ ಉಕ್ಕಿನ ಹಲಗೆಗಳನ್ನಿಳಿಸಿ ನೀರು ತಡೆದರು. ಹೊಳೆ ಇಳಿದ ಮೇಲೆ ಹೋಗಿ ನೋಡಿದೆವು, ಆಡುಗಳಿರಲಿಲ್ಲ. ಮಗ ಇದ್ದಾನೆ, ಹರಗೋಲೂ ಇದೆ. ಈ ಬೇಸಿಗೆಯಲ್ಲೂ ಎಮ್ಮೆಗೆ ಹುಲ್ಲು ತಂದದ್ದು ಅದರಲ್ಲೇ.

ಹೊಳೆದಂಡೆಯ ರೈತರು ಇವತ್ತು ಸಂಜೆ ಒಮ್ಮೆ ಹೋಗಿ ತಮ್ಮ ಹಗ್ಗ ಎಲ್ಲಿಗೆ ಕಟ್ಟಿದೆ ನೋಡಿಕೊಳ್ಳಿ. ಹೊಳೆ ಏರಿದಾಗ ಹರಗೋಲು ದಂಡೆಯ ಮೇಲಿರಲಿ, ಹುಟ್ಟು ಮನೆಯಲ್ಲಿರಲಿ.