ತುಟಿಗೂ ದನಿಗೂ ಮತ್ತೆ ಮೇಳ

ಶಿಡ್ಲಘಟ್ಟ, ಚಿಂತಾಮಣಿಗಳ ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆಯ ಡಿವಿಡಿಗಳಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡಾಗ ಕೆಲವೊಮ್ಮೆ ಅಜ್ಜಿಯ ತುಟಿ ಮೊದಲು ಆಡುತ್ತದೆ. ಸೋಬಾನೆಯ ದನಿ ಆಮೇಲೆ ಕೇಳಿಸುತ್ತದೆ. ಅಜ್ಜಿ ಈಗಿಲ್ಲದ ಮನೆಗೆ ಇದು ಸಣ್ಣ ದೋಷವಲ್ಲ.

ಮದ್ದಿಗೆ ಮುನ್ನ ರೋಗವನ್ನು ಅರಿಯಬೇಕು. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಡೋಲಿನ ಪೆಟ್ಟನ್ನು ಗಮನಿಸಿರಿ. ಎರಡೆಡೆಯೂ ಅಂತರ ಒಂದೇ ಆಗಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕು. ಅಂತರ ಬೆಳೆಯುತ್ತ ಹೋದರೆ ವೇಗ ತಪ್ಪಿದೆಯೆಂದರ್ಥ. ನಮ್ಮ ಪಾಲ್ ಪದ್ಧತಿಯ ಸೆಕೆಂಡಿಗೆ 25 ಚಿತ್ರಗಳ ಲೆಕ್ಕ ಕೆಡದಂತೆ ಮತ್ತೊಮ್ಮೆ ಇಳಿಸಬೇಕು. ನಡುವೆ ಒಮ್ಮೆಲೇ ತಪ್ಪಿದರೆ, ತಟ್ಟೆಯ ಗೀರಿನಿಂದ ಕೆಲವು ಚಿತ್ರಗಳು ಕಳೆದಿರಬಹುದು; ಅಲ್ಲಿಂದ ಮುಂದಿನ ಭಾಗವನ್ನಷ್ಟೇ ಹೊಂದಿಸಬೇಕು.

ಕೆಲಸ ಮುಗಿದರೂ ಮೂಲ ತಟ್ಟೆಯನ್ನು ಎಸೆಯಬಾರದು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಲಭ್ಯವಿಲ್ಲ, ಅಲ್ಲಿ ಹೊಂದಿಸಲು ತುಟಿಯೂ ಇಲ್ಲ, ದನಿಯೂ ಇಲ್ಲ.