ಹೊಕ್ಕುಳಬಳ್ಳಿ ರಕ್ತದ ಸಂಗ್ರಹ: ಕುಟುಂಬಗಳಿಗೆ ತಿಳಿಸಬೇಕಾದ ಅಂಶಗಳು

ಹಂಪಸಾಗರದಂತಹ ಗ್ರಾಮಗಳ ಗರ್ಭಿಣಿಯರು ಹೆರಿಗೆಗಾಗಿ ನಗರದ ಆಸ್ಪತ್ರೆಗೆ ತೆರಳಿದಾಗ, ಶಿಶುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಶುಲ್ಕ ಪಡೆದು ಕಾಪಿಡುವ ಖಾಸಗಿ ಬ್ಯಾಂಕುಗಳ ಪ್ರಸ್ತಾಪ ಎದುರಾಗಬಹುದು.

ಈ ರಕ್ತದಲ್ಲಿ ರಕ್ತಕಣಗಳನ್ನು ಉತ್ಪಾದಿಸುವ ಕಾಂಡಕೋಶಗಳಿರುತ್ತವೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಇದರಿಂದ ಪ್ರಥಮ ಬಾರಿಗೆ ಬಾಲಕನೊಬ್ಬನಿಗೆ ಚಿಕಿತ್ಸೆ ನೀಡಲಾಯಿತು. ಬಳಸಿದ್ದು ಅವನ ತಂಗಿಯ ರಕ್ತ. ಥಲಸ್ಸೇಮಿಯಾದಂತಹ ಆನುವಂಶಿಕ ರೋಗದಲ್ಲಿ ಮಗುವಿನ ಸ್ವಂತ ಕಾಂಡಕೋಶಗಳಲ್ಲಿಯೂ ಅದೇ ದೋಷವಿರುವುದರಿಂದ ಅವು ಆ ಮಗುವಿಗೆ ಉಪಯೋಗವಾಗವು. ಭವಿಷ್ಯದ ಸ್ವಂತ ಬಳಕೆಗೆಂದು ಕಾಪಿಡಲು ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ತಿಳಿಸುತ್ತದೆ. ಇದಕ್ಕಾಗಿ ಯಾವ ಕುಟುಂಬವೂ ಸಾಲ ಮಾಡಬೇಕಾಗಿಲ್ಲ.

ಹಿರಿಯ ಮಗುವಿಗೆ ಥಲಸ್ಸೇಮಿಯಾ ಅಥವಾ ರಕ್ತದ ಕ್ಯಾನ್ಸರ್ ಇದ್ದಲ್ಲಿ, ಹೆರಿಗೆಗೆ ಮುನ್ನವೇ ತಜ್ಞ ವೈದ್ಯರ ಸಲಹೆ ಪಡೆಯತಕ್ಕದ್ದು. ದಾನವು ಸಾರ್ವಜನಿಕ ಬ್ಯಾಂಕಿನ ಸಂಪರ್ಕವುಳ್ಳ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ. ದಾನ ನೀಡಿದ ರಕ್ತವು ಕುಟುಂಬಕ್ಕೆ ಮೀಸಲಾಗಿರುವುದಿಲ್ಲ.

ತುರ್ತು ಉಸಿರಾಟದ ನೆರವು ಬೇಕಿಲ್ಲದ ಶಿಶುವಿನ ಬಳ್ಳಿಯನ್ನು ಜನನದ ನಂತರ 1 ನಿಮಿಷವಾದರೂ ಕತ್ತರಿಸಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಗ ಹರಿದುಬರುವ ರಕ್ತದಿಂದ ಶಿಶುವಿನ ಕಬ್ಬಿಣಾಂಶ ವೃದ್ಧಿಸಿ ರಕ್ತಹೀನತೆ ತಗ್ಗುತ್ತದೆ. ಸಂಗ್ರಹಕ್ಕೋಸ್ಕರ ಈ ಅವಧಿಯನ್ನು ಮೊಟಕುಗೊಳಿಸುವುದು ಸಲ್ಲದು.

ಸದಸ್ಯರು ಈ ಅಂಶಗಳನ್ನು ಗ್ರಾಮಸಭೆಯಲ್ಲಿಯೂ, ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿ ಗರ್ಭಿಣಿಯ ಮನೆಗೂ ತಲುಪಿಸುವುದು.